ಎರಡೂವರೆ ಕಿಲೋಮೀಟರ್ ದಾರಿ, ಪೂರ್ತಿ ಕಲ್ಲು ಬಂಡೆ: ನಾನು ಹತ್ತಬಹುದಾ?

ಪ್ರಶ್ನೆ: ನನಗೆ 46 ವರ್ಷ. ದಿನಾ ಬೆಳಿಗ್ಗೆ ಒಂದು ಗಂಟೆ ಸಮತಟ್ಟು ರಸ್ತೆಯಲ್ಲಿ ವಾಕಿಂಗ್ ಮಾಡುತ್ತೇನೆ, ಬೇರೆ ವ್ಯಾಯಾಮ ಇಲ್ಲ. ಮುಂದಿನ ತಿಂಗಳು ಸ್ನೇಹಿತರು ಒಂದು ಬೆಟ್ಟಕ್ಕೆ ಹೊರಟಿದ್ದಾರೆ, ನನ್ನನ್ನೂ ಕರೆಯುತ್ತಿದ್ದಾರೆ. ಬುಡದಿಂದ ತುದಿಗೆ ಎರಡೂವರೆ ಕಿಲೋಮೀಟರ್, 450 ಮೀಟರ್ ಏರು. ಮೊದಲು ಕಲ್ಲು ದಾರಿ, ಕೊನೆಗೆ ಬರೀ ಬಂಡೆ. ಒಂದೆರಡು ಕಡೆ ಕೈ ಊರಿಯೇ ಹತ್ತಬೇಕಂತೆ. ತುದಿಯಿಂದ ಕಾಣುವ ನೋಟ ಬಹಳ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮೆಟ್ಟಿಲು ಇಳಿಯುವಾಗ ಕೆಲವೊಮ್ಮೆ ಮಂಡಿಯ ಮುಂಭಾಗ ನೋಯುತ್ತದೆ. ಜಾರುವ ಭಯವೂ ಇದೆ. ಎಷ್ಟು ಹೊತ್ತು ಬೇಕು? ಎಂಥ ಶೂ? ಕೋಲು ಬೇಕಾ? ನಾನು ಹೋಗಬಹುದಾ?

ಉತ್ತರ: ಹೋಗಬಹುದು. ಒಂದು ತಿಂಗಳು ಕೈಯಲ್ಲಿದೆ, ಅದು ಸಾಕು. ಆದರೆ ನಿಮ್ಮ ತಯಾರಿ ಹತ್ತುವುದಕ್ಕಲ್ಲ, ಇಳಿಯುವುದಕ್ಕೆ ಆಗಬೇಕು. ಇಂಥ ಗಿಡ್ಡ ಕಲ್ಲು ದಾರಿಗಳಲ್ಲಿ ಜನ ಸೋಲುವುದು ಏರಿನಲ್ಲಿ ಅಲ್ಲ. ಏರಿನಲ್ಲಿ ಏದುಸಿರು ಬರುತ್ತದೆ, ನಿಂತರೆ ಹೋಗುತ್ತದೆ. ಇಳಿಯುವಾಗ ದಣಿದ ಕಾಲು ನಿಂತರೂ ನಡುಗುತ್ತಿರುತ್ತದೆ. ಉಳುಕುವುದು, ಜಾರುವುದು, ಮಂಡಿ ಹಿಡಿದುಕೊಳ್ಳುವುದು ಹೆಚ್ಚಾಗಿ ಆಗಲೇ.

ಮೊದಲು ಲೆಕ್ಕ ನೋಡೋಣ. ಎರಡೂವರೆ ಕಿಲೋಮೀಟರ್ ಅಂದ ಕೂಡಲೇ ಅರ್ಧ ಗಂಟೆ ಅನ್ನಿಸುತ್ತದೆ, ಅಲ್ವಾ? ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲೇ ಇದಕ್ಕೊಂದು ಸರಳ ಲೆಕ್ಕ ಕೊಟ್ಟಿದ್ದಾರೆ. ಪ್ರತಿ 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ಬೆಟ್ಟಕ್ಕೆ ಹಾಕಿದರೆ ದೂರಕ್ಕೆ 30 ನಿಮಿಷ, ಏರಿಗೆ 45 ನಿಮಿಷ. ಒಟ್ಟು ಒಂದೂಕಾಲು ಗಂಟೆ. ಇದು ಗಟ್ಟಿಮುಟ್ಟಾದವರು ಎಲ್ಲೂ ನಿಲ್ಲದೆ ಒಳ್ಳೆಯ ದಾರಿಯಲ್ಲಿ ಹೋದರೆ ಬೇಕಾಗುವ ಸಮಯ. ಕಲ್ಲು, ಬಂಡೆ, ನೀರು ಕುಡಿಯುವುದು, ಸುಧಾರಿಸಿಕೊಳ್ಳುವುದು ಎಲ್ಲ ಸೇರಿದರೆ ನಿಮಗೆ ಎರಡು ಗಂಟೆ ಹಿಡಿಯಿರಿ.

ಇಳಿಯುವುದಕ್ಕೆ ಅರ್ಧ ಸಮಯ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಣ್ಣಿನ ದಾರಿಯಲ್ಲಿ ಅದು ನಿಜ ಇರಬಹುದು. ಬಂಡೆಯ ಮೇಲೆ ಇಳಿಯಲು ಹೆಚ್ಚುಕಡಿಮೆ ಹತ್ತಿದಷ್ಟೇ ಹೊತ್ತು ಬೇಕು. ತುದಿಯಲ್ಲಿ ಅರ್ಧ ಗಂಟೆಯಾದರೂ ಕೂರುತ್ತೀರಿ. ಅಲ್ಲಿಗೆ ನಾಲ್ಕೂವರೆ ಗಂಟೆಯ ಕೆಲಸ ಇದು.

450 ಮೀಟರ್ ಏರು ಅಂದರೆ ಎಷ್ಟು ಅನ್ನುವುದಕ್ಕೆ ಇನ್ನೊಂದು ಲೆಕ್ಕ. ಒಂದು ಮಹಡಿ ಸುಮಾರು 3 ಮೀಟರ್ ಅಂದುಕೊಂಡರೆ ಅದು 150 ಮಹಡಿ. ಹೆದರಿಸಲು ಹೇಳುತ್ತಿಲ್ಲ. ವಾಕಿಂಗ್ ಮಾಡುವವರು ದಾರಿಯ ಉದ್ದ ನೋಡಿ ಸಮಾಧಾನ ಪಟ್ಟುಕೊಳ್ಳುತ್ತಾರೆ. ನೋಡಬೇಕಾದ್ದು ಎತ್ತರವನ್ನು.

ಈಗ ಮಂಡಿ ವಿಷಯ. ಮೆಟ್ಟಿಲು ಇಳಿಯುವಾಗ ಮಂಡಿಯ ಮುಂಭಾಗ ನೋಯುವುದು ಬಹಳ ಜನರಿಗೆ ಇರುವ ತೊಂದರೆ. ಇಳಿಯುವಾಗ ದೇಹದ ಭಾರವನ್ನು ತಡೆದು ನಿಲ್ಲಿಸುವುದು ತೊಡೆಯ ಮುಂದಿನ ಸ್ನಾಯು. ಹತ್ತುವಾಗ ಅದು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಹಿಗ್ಗುತ್ತಾ, ಬ್ರೇಕ್ ಹಿಡಿಯುತ್ತಾ ಕೆಲಸ ಮಾಡುತ್ತದೆ. ಈ ಎರಡನೇ ಕೆಲಸವೇ ಸ್ನಾಯುವಿಗೆ ಜಾಸ್ತಿ ಪೆಟ್ಟು ಕೊಡುವುದು. ಬೆಟ್ಟ ಇಳಿದ ಮಾರನೇ ದಿನ, ಅದರ ಮಾರನೇ ದಿನ ಕುರ್ಚಿಯಿಂದ ಏಳಲೂ ಆಗದಷ್ಟು ತೊಡೆ ನೋಯುವುದು ಇದಕ್ಕೇ. ತೊಡೆ ಸ್ನಾಯು ಸೋತಾಗ ಕಾಲು ಹದವಾಗಿ ಮಡಚದೆ ಧೊಪ್ಪೆಂದು ಬೀಳುತ್ತದೆ. ಆ ಹೊಡೆತ ಮಂಡಿಗೆ ಹೋಗುತ್ತದೆ.

ಸಮತಟ್ಟು ರಸ್ತೆಯ ವಾಕಿಂಗ್ ಎಷ್ಟೇ ಮಾಡಿದರೂ ಈ ಬ್ರೇಕ್ ಹಿಡಿಯುವ ಕೆಲಸ ಅಭ್ಯಾಸವಾಗುವುದಿಲ್ಲ. ಅಭ್ಯಾಸ ಮಾಡಿಸಿದರೆ ಮಾತ್ರ ಸ್ನಾಯು ಬೇಗ ಕಲಿಯುತ್ತದೆ. ಒಂದು ಸಲ ಇಳಿಯುವ ಕೆಲಸದಿಂದ ನೊಂದು ಚೇತರಿಸಿಕೊಂಡ ಸ್ನಾಯು, ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಇದನ್ನು ಚೆನ್ನಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. ಇದು ನಿಮಗೆ ದೊಡ್ಡ ಅನುಕೂಲ.

ಹಾಗಾಗಿ ಹೀಗೆ ಮಾಡಿ. ವಾರಕ್ಕೆ ಮೂರು ದಿನ, ಲಿಫ್ಟ್ ಇರುವ ಯಾವುದಾದರೂ ಕಟ್ಟಡದಲ್ಲಿ ಲಿಫ್ಟ್‌ನಲ್ಲಿ ಮೇಲೆ ಹೋಗಿ, ಮೆಟ್ಟಿಲಲ್ಲಿ ಇಳಿಯಿರಿ. ಎಲ್ಲರೂ ಹೇಳುವುದಕ್ಕೆ ಇದು ತಿರುಗುಮುರುಗು, ಗೊತ್ತು. ಮೊದಲ ವಾರ ಐದಾರು ಮಹಡಿ ಸಾಕು. ಮೂರನೇ ವಾರಕ್ಕೆ 20–25 ಮಹಡಿಗೆ ಬನ್ನಿ. ಸದ್ದು ಬಾರದ ಹಾಗೆ ಇಳಿಯಬೇಕು. ಹೆಜ್ಜೆ ಸಪ್ಪಳ ಜೋರಾಯಿತು ಅಂದರೆ ತೊಡೆ ಸೋತಿದೆ, ಅವತ್ತಿಗೆ ಅಷ್ಟೇ. ಹತ್ತುವ ಅಭ್ಯಾಸಕ್ಕೆ ಬೇರೊಂದು ದಿನ ಮೆಟ್ಟಿಲು ಹತ್ತಿದರಾಯಿತು.

ಮನೆಯಲ್ಲಿ ಇನ್ನೊಂದು. ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಲ್ಲಿ ನಿಲ್ಲಿ. ಗೋಡೆ ಹಿಡಿದುಕೊಳ್ಳಬಹುದು. ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮನಸ್ಸಿನಲ್ಲೇ ಮೂರು ಎಣಿಸುತ್ತಾ ನಿಧಾನಕ್ಕೆ ನೆಲಕ್ಕೆ ತಾಗಿಸಿ, ಮತ್ತೆ ಮೇಲೆ ಬನ್ನಿ. ಒಂದೊಂದು ಕಾಲಿಗೆ ಹತ್ತು ಸಲ. ಮಡಚುವಾಗ ಮಂಡಿ ಒಳಕ್ಕೆ ವಾಲಬಾರದು, ಕಾಲಿನ ಎರಡನೇ ಬೆರಳಿನ ನೇರಕ್ಕೆ ಇರಬೇಕು. ಕನ್ನಡಿ ಮುಂದೆ ಮಾಡಿದರೆ ನಿಮಗೇ ಕಾಣುತ್ತದೆ. ಮಂಡಿ ಒಳಕ್ಕೆ ವಾಲುವವರಿಗೇ ಈ ಮುಂಭಾಗದ ನೋವು ಹೆಚ್ಚಾಗಿ ಕಾಣುತ್ತದೆ.

ಹೊರಡುವ ಐದಾರು ದಿನ ಮುಂಚೆ ಇದನ್ನೆಲ್ಲ ನಿಲ್ಲಿಸಿ, ಮಾಮೂಲಿ ವಾಕಿಂಗ್ ಮಾತ್ರ ಇಟ್ಟುಕೊಳ್ಳಿ. ಇನ್ನೊಂದು ಮಾತು. ಮಂಡಿ ಊದಿಕೊಳ್ಳುತ್ತಿದ್ದರೆ, ನಡುವೆ ಸಿಕ್ಕಿಹಾಕಿಕೊಂಡಂತೆ ಆಗುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಕೈಕೊಡುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಏರು ಹತ್ತುವಾಗ ಎದೆ ಬಿಗಿಯುವುದು, ತಲೆ ಸುತ್ತುವುದು ಇದ್ದರೂ ಅಷ್ಟೇ. ಅಂಥದ್ದನ್ನು ಇಟ್ಟುಕೊಂಡು ಬೆಟ್ಟಕ್ಕೆ ಹೋಗುವುದು ಬೇಡ.

ಕೋಲು ಬೇಕು. ಒಂದಲ್ಲ, ಎರಡು. ಕಡಿದಾದ ಇಳಿಜಾರಿನಲ್ಲಿ ಎರಡು ಟ್ರೆಕ್ಕಿಂಗ್ ಪೋಲ್ ಬಳಸಿದವರ ಮಂಡಿಯ ಮೇಲಿನ ಹೊರೆ ಶೇಕಡ 25ರವರೆಗೂ ತಗ್ಗಿದ್ದನ್ನು ಅಳೆದು ನೋಡಿದ್ದಾರೆ. ಇಳಿಯುವಾಗ ಪೋಲ್ ಸ್ವಲ್ಪ ಉದ್ದ ಮಾಡಿಕೊಳ್ಳಿ, ಮುಂದೆ ಊರಿ, ಆಮೇಲೆ ಹೆಜ್ಜೆ ಇಡಿ. ಕಲ್ಲುಗಳ ಮಧ್ಯೆ ಹೋಗುವಾಗ ಅದರ ಪಟ್ಟಿಯೊಳಗೆ ಕೈ ತೂರಿಸಬೇಡಿ. ತುದಿ ಸಂದಿಯಲ್ಲಿ ಸಿಕ್ಕಿಕೊಂಡರೆ ಮಣಿಕಟ್ಟು ಹಿಡಿದು ಎಳೆದುಬಿಡುತ್ತದೆ. ಕೈ ಊರಿ ಹತ್ತುವ ಜಾಗ ಬಂತು ಅಂದರೆ ಎರಡನ್ನೂ ಮಡಚಿ ಬ್ಯಾಗಿಗೆ ಕಟ್ಟಿಬಿಡಿ. ಅಲ್ಲಿ ಕೋಲಿಗಿಂತ ಬರಿಗೈ ಮೇಲು.

ಶೂ ಬಗ್ಗೆ ಜನ ದೊಡ್ಡ ದೊಡ್ಡ ಹಲ್ಲಿನ ಸೋಲ್ ನೋಡಿ ಮಾರುಹೋಗುತ್ತಾರೆ. ಆಳವಾದ ಹಲ್ಲು ಕೆಸರಿಗೆ, ಸಡಿಲ ಮಣ್ಣಿಗೆ ಒಳ್ಳೆಯದು. ಹಾಸುಬಂಡೆಯ ಮೇಲೆ ಬೇಕಾದ್ದು ಮೆತ್ತನೆಯ ರಬ್ಬರು, ಅದು ಬಂಡೆಗೆ ಅಗಲವಾಗಿ ತಾಗಬೇಕು. ಉಗುರಿನಿಂದ ಒತ್ತಿದರೆ ಸ್ವಲ್ಪವೂ ತಗ್ಗದ ಗಟ್ಟಿ ಸೋಲ್ ಬೇಡ. ಹಿಮ್ಮಡಿ ಅಲ್ಲಾಡಬಾರದು, ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಇಲ್ಲದಿದ್ದರೆ ಇಳಿಯುವಾಗ ಬೆರಳು ಮುಂದಕ್ಕೆ ಬಡಿದು ಉಗುರು ಕಪ್ಪಾಗುತ್ತದೆ. ಹಿಂದಿನ ದಿನ ಉಗುರು ಕತ್ತರಿಸಿಕೊಳ್ಳಿ. ಇಳಿಯಲು ಶುರು ಮಾಡುವ ಮುಂಚೆ ಲೇಸ್ ಬಿಚ್ಚಿ, ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಮತ್ತೆ ಕಟ್ಟಿ. ಎರಡು ನಿಮಿಷದ ಕೆಲಸ, ಆದರೂ ಹೆಚ್ಚಿನವರು ಮಾಡುವುದಿಲ್ಲ.

ಹೊಸ ಶೂ ತೆಗೆದುಕೊಂಡರೆ ಈಗಲೇ ತೆಗೆದುಕೊಂಡು ದಿನದ ವಾಕಿಂಗಿಗೆ ಹಾಕಿ ಪಳಗಿಸಿ. ಇಲ್ಲದಿದ್ದರೆ ದಾರಿಯಲ್ಲೇ ಬೊಬ್ಬೆ ಏಳುತ್ತದೆ. ಹಳೆಯ ಟ್ರೆಕ್ಕಿಂಗ್ ಶೂ ಕಪಾಟಿನಲ್ಲಿ ಹೊಸದರಂತೆ ಕೂತಿದ್ದರೆ ಇನ್ನೂ ಹುಷಾರು. ಎಷ್ಟೋ ಶೂಗಳ ನಡುವಿನ ಪದರ ಪಾಲಿಯುರೆಥೇನ್ ನೊರೆಯದ್ದು. ಗಾಳಿಯ ತೇವಕ್ಕೆ ಅದು ವರ್ಷಗಳು ಕಳೆದಂತೆ ಒಳಗೊಳಗೇ ಹಾಳಾಗುತ್ತದೆ. ಹಾಕದೆ ಇಟ್ಟರೂ ಬಿಡುವುದಿಲ್ಲ. ನೋಡಲು ಏನೂ ಗೊತ್ತಾಗುವುದಿಲ್ಲ, ಬಂಡೆಯ ಮೇಲೆ ನೂರು ಹೆಜ್ಜೆ ಹಾಕುವಷ್ಟರಲ್ಲಿ ಅಂಚು ಪುಡಿಪುಡಿಯಾಗಿ ಉದುರಿ, ಇಡೀ ಸೋಲ್ ಬಾಯಿ ಬಿಡುತ್ತದೆ. ಮನೆಯಲ್ಲೇ ಶೂ ಹಾಕಿ, ಮುಂಗಾಲ ಮೇಲೆ ನಿಂತು ಚೆನ್ನಾಗಿ ಬಗ್ಗಿಸಿ ನೋಡಿ. ಬದಿಯಲ್ಲಿ ಬಿರುಕು, ಪುಡಿ ಕಂಡರೆ ಅದನ್ನು ಬಿಟ್ಟುಬಿಡಿ.

ಜಾರುವ ಭಯಕ್ಕೆ ಬರೋಣ. ಆ ಭಯ ಇರುವುದು ಒಳ್ಳೆಯದೇ, ಅದು ಕಣ್ಣಿಗೆ ಕೆಲಸ ಕೊಡಬೇಕು ಅಷ್ಟೇ. ಒಣ ಬಂಡೆ ನೀವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಜಾರಿಸುವುದು ಬಂಡೆಯ ಮೇಲೆ ಇರುವ ಬೇರೆ ಬೇರೆ ವಸ್ತು. ಇಳಿಜಾರು ಬಂಡೆಯ ಮೇಲೆ ಮೇಲಿಂದ ಕೆಳಕ್ಕೆ ಕಪ್ಪು ಪಟ್ಟೆಗಳು ಇಳಿದಿರುವುದನ್ನು ನೋಡಿರುತ್ತೀರಿ. ಅದು ಮಳೆ ನೀರು ಹರಿಯುವ ಜಾಡು, ಅಲ್ಲಿ ಪಾಚಿಯಂಥದ್ದು ಬೆಳೆದಿರುತ್ತದೆ. ಒಣಗಿದಾಗ ಏನೂ ಆಗದು. ಒಂದಿಷ್ಟು ತೇವ ತಾಗಿದರೆ ಸಾಬೂನು ಸವರಿದ ಹಾಗೆ. ಬೆಳಗಿನ ಇಬ್ಬನಿಯೇ ಸಾಕು. ಪಟ್ಟೆಗಳ ಮಧ್ಯೆ ತಿಳಿ ಬಣ್ಣದ, ಒರಟಾದ ಭಾಗ ಇರುತ್ತದೆ. ಹೆಜ್ಜೆ ಅಲ್ಲೇ ಇಡಿ. ಪಟ್ಟೆ ದಾಟಲೇಬೇಕಾದರೆ ಒಂದೇ ಹೆಜ್ಜೆಯಲ್ಲಿ ಆಚೆಗೆ ಹೋಗಿ. ಕಲ್ಲುಹೂವು ಹತ್ತಿದ ಬಂಡೆಯೂ ಹಾಗೇ, ಒದ್ದೆಯಾದರೆ ನಂಬುವಂತಿಲ್ಲ.

ಎರಡನೆಯದು ಸಣ್ಣ ಹರಳು. ಗ್ರಾನೈಟ್‌ನಂಥ ಬಂಡೆ ಬಿಸಿಲು ಮಳೆಗೆ ಸವೆದು ಒರಟು ಮರಳಾಗಿ ಉದುರುತ್ತದೆ. ಹಾಸುಬಂಡೆಯ ಮೇಲೆ ಆ ಹರಳು ತೆಳುವಾಗಿ ಹರಡಿಕೊಂಡಿದ್ದರೆ ಕಾಲಡಿ ಒಂದೊಂದು ಹರಳೂ ಉರುಳುತ್ತದೆ. ಒಣ ಬಂಡೆಯ ಮೇಲೆ ಜಾರಿ ಬಿದ್ದವರನ್ನು ಕೇಳಿ ನೋಡಿ, ಹೆಚ್ಚಿನವರ ಕಾಲಡಿ ಇದೇ ಇರುತ್ತದೆ. ಶೂ ತುದಿಯಿಂದ ಒಮ್ಮೆ ಸರಿಸಿ, ಬರಿ ಬಂಡೆ ಕಂಡ ಮೇಲೆ ಭಾರ ಹಾಕಿ.

ಇಳಿಜಾರು ಬಂಡೆಯ ಮೇಲೆ ಹೆದರಿದವರು ಮಾಡುವುದು ಒಂದೇ. ಬಂಡೆಯ ಕಡೆಗೆ ಬಾಗಿ, ಅದನ್ನು ಅಪ್ಪಿಕೊಳ್ಳಲು ನೋಡುತ್ತಾರೆ. ಇಳಿಯುವಾಗಲಾದರೆ ಹಿಂದಕ್ಕೆ ವಾಲುತ್ತಾರೆ. ಎರಡರಲ್ಲೂ ಭಾರ ಪಾದದ ಮೇಲಿಂದ ತಪ್ಪುತ್ತದೆ, ಕಾಲು ಹೊರಕ್ಕೆ ಜಾರುತ್ತದೆ. ಸೊಂಟ ಪಾದದ ನೇರಕ್ಕೆ ಮೇಲೆ ಇರಲಿ. ಮಂಡಿ ಸ್ವಲ್ಪ ಮಡಚಿರಲಿ. ಇಡೀ ಪಾದ ಬಂಡೆಗೆ ತಾಗಲಿ. ಹೆಜ್ಜೆ ಚಿಕ್ಕದಿರಲಿ. ಒಂದು ಎತ್ತರದ ಹೆಜ್ಜೆಯ ಬದಲು ಎರಡು ಗಿಡ್ಡ ಹೆಜ್ಜೆ ಸಿಕ್ಕರೆ ಯಾವಾಗಲೂ ಎರಡನ್ನೇ ಆರಿಸಿ. ಮಂಡಿ ಉಳಿಯುವುದೂ ಅದರಿಂದಲೇ.

ಗುಂಡುಕಲ್ಲುಗಳ ಮೇಲೆ ಹೋಗುವಾಗ ದೊಡ್ಡ ಕಲ್ಲನ್ನೂ ಸುಮ್ನೆ ನಂಬಬೇಡಿ. ಮೊದಲು ಕಾಲಿಟ್ಟು ಒಮ್ಮೆ ಅದುಮಿ ನೋಡಿ, ಅಲ್ಲಾಡದಿದ್ದರೆ ಭಾರ ಬಿಡಿ. ಕೈ ಊರಿ ಹತ್ತುವಲ್ಲಿ ಎರಡು ಕೈ, ಎರಡು ಕಾಲು ಒಟ್ಟು ನಾಲ್ಕರಲ್ಲಿ ಮೂರು ಯಾವಾಗಲೂ ಬಂಡೆಯ ಮೇಲೇ ಇರಬೇಕು. ಒಂದನ್ನು ಮಾತ್ರ ಎತ್ತಿ ಇಡುವುದು. ಗಿಡ, ಬೇರು ಹಿಡಿದು ಎಳೆಯಬೇಡಿ. ಬಂಡೆಯ ಮೇಲಿನ ಮಣ್ಣು ಬೆರಳಷ್ಟು ದಪ್ಪವೂ ಇರುವುದಿಲ್ಲ, ಗಿಡ ಬುಡಸಮೇತ ಕೈಗೆ ಬರುತ್ತದೆ. ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕಬೇಡಿ, ಹಾವೋ ಕಣಜವೋ ಇರಬಹುದು.

ಅದೇ ಜಾಗ ಇಳಿಯುವಾಗ ಮುಖ ಬಂಡೆ ಕಡೆಗೆ ತಿರುಗಿಸಿ, ಏಣಿ ಇಳಿಯುವ ಹಾಗೆ ಇಳಿಯಿರಿ. ಕೆಳಗೆ ನಿಂತ ಸ್ನೇಹಿತರು ಕಾಲಿಡುವ ಜಾಗ ಹೇಳಬಹುದು. ಸ್ವಲ್ಪವೇ ಎತ್ತರದ ಕಡೆ ಕೂತು, ಎರಡು ಕೈ ಊರಿ ಜರುಗಿ ಇಳಿದರೆ ತಪ್ಪೇನೂ ಇಲ್ಲ. ಎಲ್ಲೂ ಜಿಗಿಯಬೇಡಿ. ಹತ್ತುವಾಗಲೇ ಈ ಜಾಗದಲ್ಲಿ ಒಂದು ಕ್ಷಣ ನಿಂತು, ಇದನ್ನು ನಾನು ಇಳಿಯಬಲ್ಲೆನಾ ಅಂತ ಕೇಳಿಕೊಳ್ಳಿ. ಹತ್ತುವಾಗ ಹಿಡಿಕೆ ಕಣ್ಣೆದುರಿಗೇ ಇರುತ್ತದೆ. ಇಳಿಯುವಾಗ ಕಾಲಿಡುವ ಜಾಗ ಹೊಟ್ಟೆಯ ಮರೆಗೆ ಹೋಗುತ್ತದೆ. ಆಗುವುದಿಲ್ಲ ಅನ್ನಿಸಿದರೆ ಅಲ್ಲೇ ಕೂತು ನೋಟ ನೋಡಿ, ಒಬ್ಬರನ್ನು ಜೊತೆಗಿಟ್ಟುಕೊಂಡು ವಾಪಸ್ ಬನ್ನಿ. ತುದಿಗೆ ಐವತ್ತು ಮೀಟರ್ ಕೆಳಗಿನ ನೋಟ ಎಷ್ಟೋ ಸಲ ತುದಿಯದ್ದಕ್ಕಿಂತ ಚೆನ್ನಾಗಿರುತ್ತದೆ.

ಗುಂಪಿನಲ್ಲಿ ನಿಧಾನದವರು ಮುಂದೆ ಇರಬೇಕು. ಅದು ನೀವೇ ಆಗಿದ್ದರೆ ಮುಜುಗರ ಬೇಡ. ಹಿಂದೆ ಬಿದ್ದವರು ಮುಂದಿನವರನ್ನು ಹಿಡಿಯಲು ಓಡುತ್ತಾರೆ. ಇವರು ತಲುಪುವಷ್ಟರಲ್ಲಿ ಮುಂದಿನವರು ಸುಧಾರಿಸಿಕೊಂಡು ಎದ್ದಿರುತ್ತಾರೆ. ಅಂದರೆ ಹೆಚ್ಚು ದಣಿದವರಿಗೆ ಹೆಚ್ಚು ಕಡಿಮೆ ವಿಶ್ರಾಂತಿಯೇ ಇಲ್ಲ. ಇದನ್ನು ಹೊರಡುವ ಮುಂಚೆಯೇ ಸ್ನೇಹಿತರಿಗೆ ಹೇಳಿಬಿಡಿ. ಮಾತಾಡುತ್ತಾ ಹತ್ತಲು ಆಗುವಷ್ಟೇ ವೇಗ ಇರಲಿ. ಸಡಿಲ ಕಲ್ಲಿರುವ ಕಡೆ ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಿಲ್ಲಬಾರದು. ಕಲ್ಲು ಜಾರಿದರೆ ಯಾರದೇ ಕಾಲಿಂದ ಆಗಲಿ, ‘ಕಲ್ಲು!’ ಅಂತ ಜೋರಾಗಿ ಕೂಗಬೇಕು. ಮಕ್ಕಳು ಜೊತೆಗಿದ್ದರೆ ಮೇಲಿಂದ ಕಲ್ಲು ಉರುಳಿಸುವ ಆಟ ಖಂಡಿತ ಬೇಡ. ಕೆಳಗಿನ ತಿರುವಿನಲ್ಲಿ ಯಾರಿದ್ದಾರೆ ಅನ್ನುವುದು ಮೇಲಿನವರಿಗೆ ಕಾಣುವುದಿಲ್ಲ.

ಹೊರಡುವುದು ಬೆಳಿಗ್ಗೆ ಬೇಗ. ಬಂಡೆ ಕಾಯುವ ಮುಂಚೆ ಏರು ಮುಗಿಯಲಿ ಅನ್ನುವುದು ಒಂದು ಕಾರಣ. ಗುಡುಗು ಇನ್ನೊಂದು. ಬಿಸಿಲಿಗೆ ಕಾದ ಗಾಳಿ ಮೇಲೇರಿ ಮೋಡ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬೋಳು ಬಂಡೆಯ ತುದಿಯಲ್ಲಿ ಸುತ್ತಮುತ್ತ ಎಲ್ಲಕ್ಕಿಂತ ಎತ್ತರ ಇರುವುದು ನೀವೇ. ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲು ಮುಟ್ಟುವಷ್ಟು ಹತ್ತಿರ ಇದೆ ಅಂತಲೇ ಲೆಕ್ಕ. ಮಿಂಚು ಕಂಡು 30 ಸೆಕೆಂಡಿನೊಳಗೆ ಸದ್ದು ಬಂದರೆ ಅದು 10 ಕಿಲೋಮೀಟರ್ ಒಳಗಿದೆ. ಫೋಟೋ, ತಿಂಡಿ ಎಲ್ಲ ಬಿಟ್ಟು ಇಳಿಯಿರಿ. ಒಂಟಿ ಮರದ ಕೆಳಗೆ, ಬಂಡೆಯ ಚಾಚಿನ ಕೆಳಗೆ ಸೇರಿಕೊಳ್ಳಬೇಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೂ ಮತ್ತೆ ಮೇಲೆ ಹೋಗಬಾರದು.

ವಾಪಸ್ ತಿರುಗುವ ಸಮಯವನ್ನು ಬುಡದಲ್ಲೇ ಎಲ್ಲರೂ ಸೇರಿ ಗೊತ್ತು ಮಾಡಿ. ಆ ಹೊತ್ತಿಗೆ ಎಲ್ಲಿದ್ದರೂ ತಿರುಗಬೇಕು. ಕತ್ತಲಾದರೆ ಫೋನ್ ಟಾರ್ಚ್ ಇದೆ ಅನ್ನುತ್ತಾರೆ. ಅದು ಒಂದು ಕೈಯನ್ನು ಹಿಡಿದಿಡುತ್ತದೆ, ಬಂಡೆಯ ಮೇಲೆ ನಿಮಗೆ ಎರಡೂ ಕೈ ಬೇಕು. ತಲೆಗೆ ಕಟ್ಟುವ ಹೆಡ್‌ಲ್ಯಾಂಪ್ ಒಂದು ಬ್ಯಾಗಿನಲ್ಲಿರಲಿ. ಜೊತೆಗೆ ಎರಡು ಲೀಟರ್ ನೀರು, ತಿನ್ನಲು ಒಂದಿಷ್ಟು, ಗಾಳಿ ತಡೆಯುವ ತೆಳು ಜಾಕೆಟ್, ಒಂದು ಬ್ಯಾಂಡೇಜ್ ಪಟ್ಟಿ, ಒಂದು ಸೀಟಿ. 450 ಮೀಟರ್ ಎತ್ತರಕ್ಕೆ ತಾಪ ಸುಮಾರು 3 ಡಿಗ್ರಿ ಮಾತ್ರ ಇಳಿಯುತ್ತದೆ. ಆದರೆ ಬೆವರಿನಿಂದ ಒದ್ದೆಯಾದ ಅಂಗಿಗೆ ತುದಿಯ ಗಾಳಿ ತಾಗಿದರೆ ಹತ್ತು ನಿಮಿಷದಲ್ಲಿ ನಡುಕ ಬರುತ್ತದೆ. ಸೀಟಿಯನ್ನು ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದುವುದು ಬೆಟ್ಟಗಳಲ್ಲಿ ಸಹಾಯ ಕೇಳುವ ಗುರುತು.

ದಾರಿ ತಪ್ಪುವ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಹತ್ತುವಾಗ ಎಲ್ಲ ದಾರಿಯೂ ತುದಿಗೆ ಸೇರುತ್ತದೆ. ಇಳಿಯುವಾಗ ಎಲ್ಲ ದಿಕ್ಕೂ ಕೆಳಕ್ಕೇ ಹೋಗುತ್ತದೆ. ಹಾಸುಬಂಡೆಯ ಮೇಲೆ ಕಾಲುದಾರಿಯ ಗುರುತು ಇರುವುದಿಲ್ಲ. ಕಾಡೋ ಕುರುಚಲೋ ಮುಗಿದು ನೀವು ಬರಿ ಬಂಡೆಗೆ ಕಾಲಿಡುವ ಜಾಗ ಇದೆಯಲ್ಲ, ಅಲ್ಲಿ ಹಿಂತಿರುಗಿ ನೋಡಿ. ಒಂದು ಫೋಟೋ ತೆಗೆಯಿರಿ. ಇಳಿಯುವಾಗ ನಿಮಗೆ ಕಾಣುವುದು ಆ ಕಡೆಯ ನೋಟವೇ. ಬಣ್ಣದ ಗುರುತು, ಒಟ್ಟಿದ ಕಲ್ಲುಗಳು ಇದ್ದರೆ ಒಂದರಿಂದ ಮುಂದಿನದು ಕಾಣುವವರೆಗೂ ಹೆಜ್ಜೆ ಕಿತ್ತಿಡಬೇಡಿ. ಇಳಿಯುತ್ತಾ ಹೋದಂತೆ ಬಂಡೆ ಕಡಿದಾಗುತ್ತಾ, ಮುಂದೇನಿದೆ ಅಂತ ಕಾಣದೇ ಹೋದರೆ ನಿಲ್ಲಿ. ಮೇಲಕ್ಕೆ ಹೋಗಿ ದಾರಿ ಹುಡುಕಿ. ಕೆಳಗೆ ಹೇಗೋ ಸಿಕ್ಕೀತು ಅಂತ ಮುಂದುವರಿಯಬೇಡಿ.

ಇಷ್ಟೆಲ್ಲ ಹೇಳಿ ನೋಟದ ಬಗ್ಗೆ ಹೇಳದಿದ್ದರೆ ಅನ್ಯಾಯ. ಸುತ್ತ ಬಯಲಿದ್ದರೆ 450 ಮೀಟರ್ ಎತ್ತರದಿಂದ ದಿಗಂತ ಸುಮಾರು 75 ಕಿಲೋಮೀಟರ್ ದೂರ ಇರುತ್ತದೆ. ಅಷ್ಟು ದೂರ ಕಾಣುತ್ತದೆಯೇ ಅನ್ನುವುದು ಗಾಳಿಯ ಮೇಲೆ. ಹಿಂದಿನ ದಿನ ಮಳೆ ಬಂದು ಧೂಳು ತೊಳೆದಿದ್ದರೆ ದೂರದ ಗುಡ್ಡಗಳು ಒಂದರ ಹಿಂದೊಂದು ಬಿಡಿಬಿಡಿಯಾಗಿ ಕಾಣುತ್ತವೆ. ಬೆಳಗಿನ ಓರೆ ಬಿಸಿಲಿನಲ್ಲಿ ಒಂದೊಂದು ಕಣಿವೆಗೂ ನೆರಳು ಇರುತ್ತದೆ, ನಡು ಮಧ್ಯಾಹ್ನ ಎಲ್ಲ ಚಪ್ಪಟೆ. ಮಬ್ಬಿದ್ದ ದಿನ ಸೂರ್ಯನಿಗೆ ಬೆನ್ನು ಮಾಡಿ ನೋಡಿ, ಆ ಕಡೆ ಜಾಸ್ತಿ ಸ್ಪಷ್ಟ. ತುದಿ ಬಂತು ಅಂದುಕೊಂಡಾಗ ಅದರ ಹಿಂದೆ ಇನ್ನೊಂದು ಏಳುವುದು ದುಂಡು ಬಂಡೆಯ ಬೆಟ್ಟಗಳಲ್ಲಿ ಮಾಮೂಲಿ, ಅದಕ್ಕೆ ಕೊನೆಯ ದಮ್ಮು ಅಲ್ಲೇ ಖರ್ಚು ಮಾಡಬೇಡಿ.

ಅಂಚಿನ ಬಗ್ಗೆ ಒಂದೇ ಮಾತು. ದುಂಡು ಬಂಡೆಗೆ ಸ್ಪಷ್ಟವಾದ ಅಂಚು ಇರುವುದಿಲ್ಲ. ಸ್ವಲ್ಪ ಸ್ವಲ್ಪವೇ ಕಡಿದಾಗುತ್ತಾ ಹೋಗುತ್ತದೆ, ಎಲ್ಲಿಂದ ನಿಲ್ಲಲು ಆಗುವುದಿಲ್ಲ ಅನ್ನುವುದು ದಾಟಿದ ಮೇಲೇ ಗೊತ್ತಾಗುವುದು. ಇಳಿಜಾರು ಶುರುವಾದಲ್ಲಿಂದ ಒಂದು ಆಳಿನಷ್ಟು ಹಿಂದೆಯೇ ಕೂರಿ. ಫೋಟೋಗೆ ಹಿಂದೆ ಹಿಂದೆ ನಡೆಯುವುದು ಬೇಡವೇ ಬೇಡ.

ಅಕಸ್ಮಾತ್ ಕಾಲು ಉಳುಕಿದರೆ ಕೂತು ಸುಧಾರಿಸಿಕೊಳ್ಳಿ, ಪಟ್ಟಿ ಸುತ್ತಿ ಶೂ ಬಿಗಿ ಮಾಡಿ, ಕೋಲಿನ ಆಸರೆಯಲ್ಲಿ ಎದ್ದು ನೋಡಿ. ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲು ಆದರೆ ನಿಧಾನಕ್ಕೆ ಇಳಿಯಿರಿ. ನಾಲ್ಕು ಹೆಜ್ಜೆಯೂ ಆಗದಿದ್ದರೆ, ಅಥವಾ ಕೀಲಿನ ಎರಡು ಬದಿಯಲ್ಲಿ ಯಾವುದಾದರೂ ಒಂದು ಬದಿಯ ಮೂಳೆ ಮುಟ್ಟಿದರೆ ಜೀವ ಹೋದಷ್ಟು ನೋವಾದರೆ ಮುರಿದಿರಬಹುದು. ಆಗ ಹಟ ಮಾಡಿ ನಡೆಯದೆ ಸಹಾಯಕ್ಕೆ ಕರೆಯಿರಿ, ಕೆಳಗಿಳಿದ ಮೇಲೆ ಎಕ್ಸ್‌ರೇ ತೆಗೆಸಿ. ಬರೀ ತೊಡೆ ನೋವಾದರೆ ಎರಡನೇ ದಿನ ಅದು ಜೋರಾಗಿ, ನಾಲ್ಕೈದು ದಿನದಲ್ಲಿ ತಾನೇ ಹೋಗುತ್ತದೆ. ಮಲಗಿಬಿಡಬೇಡಿ, ಮಾಮೂಲಿ ವಾಕಿಂಗ್ ನಿಧಾನಕ್ಕೆ ಮುಂದುವರಿಸಿ. ಮಂಡಿ ನೋವು ವಾರ ಕಳೆದರೂ ಇದ್ದರೆ, ಅಥವಾ ಊದಿಕೊಂಡರೆ, ಡಾಕ್ಟರಿಗೆ ತೋರಿಸಿ.